ಮೂರನೇ ಸಿಲಿಂಡರ್ ಕೈಕೊಟ್ಟಾಗ

ನಮಸ್ಕಾರ.

ಸಿಗ್ನಲ್‌ನಲ್ಲಿ ನಿಂತಾಗ ಕಾರು ಸಣ್ಣಗೆ ನಡುಗುತ್ತದೆ. ಸ್ಟೇರಿಂಗ್ ಹಿಡಿದ ಕೈಗೆ ಅದು ಗೊತ್ತಾಗುತ್ತದೆ. ಹಿಂದೆ ಹೋಗಿ ಸೈಲೆನ್ಸರ್ ಶಬ್ದ ಕೇಳಿದರೆ ಪುಟ್ ಪುಟ್ ಪುಟ್, ಆಮೇಲೆ ಒಂದು ತಪ್ಪುತ್ತದೆ, ಮತ್ತೆ ಪುಟ್ ಪುಟ್ ಪುಟ್. ಗ್ಯಾರೇಜಿನವರು ಇದಕ್ಕೆ 'ಮಿಸ್ಸಿಂಗ್ ಹೊಡೀತಿದೆ' ಅನ್ನುತ್ತಾರೆ.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ ಸುಮ್ನೆ ನಿಂತಲ್ಲೇ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಪ್ರತಿ ಸಿಲಿಂಡರಿನಲ್ಲೂ ಕಿಡಿ ಹೊತ್ತಬೇಕು. ಅಂದರೆ ಒಂದೊಂದಕ್ಕೂ ನಿಮಿಷಕ್ಕೆ 400 ಸರದಿ. ಒಂದು ಕೈಕೊಟ್ಟರೆ ಉಳಿದ ಮೂರೂ ಅದನ್ನು ಹೊತ್ತುಕೊಂಡು ಓಡಬೇಕು.

ನನ್ನ ಕಾರಿಗೂ ಹೀಗೇ ಆಯಿತು. ಮೊದಲು ನೋಡಿದ ಮೆಕ್ಯಾನಿಕ್ ಬಾನೆಟ್ ಎತ್ತಿದರು, ಎರಡು ಸಲ ರೇಸ್ ಕೊಡಿಸಿದರು, "ಸಾರ್, ಇಂಜಿನ್ ಇಳಿಸ್ಬೇಕು" ಅಂದರು. ಕಿಡಿ ಕೊಡುವ ಒಂದು ಪ್ಲಗ್ ಕೂಡ ಬಿಚ್ಚಿರಲಿಲ್ಲ! ನಾನು ಕಾರು ವಾಪಸ್ ತಂದೆ. ಹಾಗಂತ ಜಾಸ್ತಿ ದಿನ ಓಡಿಸಲೂ ಇಲ್ಲ. ಚೆಕ್ ಇಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಲೇಬಾರದು. ಸುಡದ ಪೆಟ್ರೋಲ್ ಹೊಗೆ ಕೊಳವೆಗೆ ಹೋಗಿ, ಅಲ್ಲಿ ಉರಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕರಗಿಸಿಬಿಡಬಹುದು.

ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ 0303 ಅಂತ ಬಂತು. ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಮೂರನೆಯದು. ಯಾವುದು ಅಂತ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ.

ಹಾಗಾಗಿ ಅದಲು ಬದಲು ಆಟ ಶುರು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಮೊದಲು: ಮೂರರದ್ದು ತೆಗೆದು ಎರಡಕ್ಕೆ ಹಾಕಿದೆ, ಎರಡರದ್ದು ಮೂರಕ್ಕೆ. ಕೋಡ್ ಅಳಿಸಿ ಓಡಿಸಿದರೆ ಮತ್ತೆ ಅದೇ 0303. ಅದು 0302 ಆಗಿದ್ದರೆ ಕಾಯಿಲೇ ಕಳ್ಳ, ಒಂದು ಕಾಯಿಲ್‌ಗೆ ಕೆಲಸ ಮುಗಿಯುತ್ತಿತ್ತು. ಪ್ಲಗ್ಗನ್ನೂ ಹೀಗೇ ಅದಲು ಬದಲು ಮಾಡಿದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನೂ ಮಾಡಿದೆ. ತಪ್ಪು ಅಲ್ಲಿಂದ ಕದಲಲಿಲ್ಲ. ಆಗ ಸ್ವಲ್ಪ ಹೊಟ್ಟೆಯಲ್ಲಿ ತಳಮಳ ಆಯಿತು ಅನ್ನಿ.

ಉಳಿದಿದ್ದು ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ. ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಬರದ ಹಾಗೆ ಪಂಪಿನ ಫ್ಯೂಸ್ ತೆಗೆದು, ಕಿಡಿಯನ್ನೂ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಪ್ಲಗ್ ತೂತಿಗೆ ಸಿಕ್ಕಿಸಿದ ಗೇಜಿನಲ್ಲಿ ಬಂದದ್ದು ಪಿಎಸ್‌ಐ ಲೆಕ್ಕದಲ್ಲಿ 170, 165, 90, 170. ಮೂರನೆಯದು ಅರ್ಧಕ್ಕೆ ಸ್ವಲ್ಪ ಮೇಲೆ, ಅಷ್ಟೇ.

ಇಲ್ಲೇ ಅನೇಕರು 'ಬೋರ್ ಹೋಯ್ತು, ಫುಲ್ ಕೆಲಸ ಮಾಡಿಸಿ' ಅನ್ನುವುದು. ಬೋರ್ ಅಂದರೆ ಸಿಲಿಂಡರಿನ ಒಳಗೋಡೆ. ಆದರೆ ಒಂದು ಚಮಚ ಎಣ್ಣೆಯ ಪರೀಕ್ಷೆ ಇದೆ. ಪ್ಲಗ್ ತೂತಿನಿಂದ ಸ್ವಲ್ಪ ಇಂಜಿನ್ ಆಯಿಲ್ ಬಿಟ್ಟು ಮತ್ತೆ ತಿರುಗಿಸಿ. ಎಣ್ಣೆ ಪಿಸ್ಟನ್ ಸುತ್ತ ಸಂದು ಮುಚ್ಚುತ್ತದೆ. ಒತ್ತಡ ಚೆನ್ನಾಗಿ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ಸೋರಿಕೆ ಮೇಲೆ, ವಾಲ್ವ್‌ನಲ್ಲಿ ಅಥವಾ ಸಿಲಿಂಡರುಗಳ ಮೇಲೆ ಕೂರುವ ಹೆಡ್‌ನ ಅಡಿಯ ಗ್ಯಾಸ್ಕೆಟ್‌ನಲ್ಲಿ. ನನ್ನದು 90ರಿಂದ 95ಕ್ಕೆ ಬಂದು ನಿಂತಿತು.

ಆಮೇಲೆ ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ ತುದಿಗೆ ತಂದು, ಪ್ಲಗ್ ತೂತಿನಿಂದ ಗಾಳಿ ತುಂಬಿಸಿದೆವು. ಎಲ್ಲಿ ಸೋರಿದರೆ ಅಲ್ಲಿ ಶಬ್ದ ಬರಬೇಕು. ಆಯಿಲ್ ಮುಚ್ಚಳದ ಬಳಿ ಕಿವಿ ಇಟ್ಟರೆ ಏನೂ ಇಲ್ಲ. ರೇಡಿಯೇಟರ್ ನೀರಿನಲ್ಲಿ ಗುಳ್ಳೆ ಇಲ್ಲ. ಸೈಲೆನ್ಸರ್ ಬಾಯಲ್ಲಿ ಮಾತ್ರ ಹಾವು ಬುಸುಗುಟ್ಟಿದ ಹಾಗೆ ಶಬ್ದ. ಕಳ್ಳ ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವ್!

ಹಾಗಾದರೆ ಇಂಜಿನ್ ಪೂರ್ತಿ ಬಿಚ್ಚಿಸಬೇಕಾ? ನಾಲ್ಕರಲ್ಲೂ ಕಂಪ್ರೆಷನ್ ಬಿದ್ದು, ಎಣ್ಣೆ ಹಾಕಿದಾಗ ನಾಲ್ಕೂ ಏರಿ, ನೀಲಿ ಹೊಗೆ ಬಂದು, ಆಯಿಲ್ ಕುಡಿಯುತ್ತಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಆಗ ಬೋರ್ ಅಳೆಯಬೇಕು, ಬೇಕಾದರೆ ಕೊರೆಸಿ 0.25 ಅಥವಾ 0.50 ಮಿಲಿಮೀಟರ್ ದೊಡ್ಡ ಪಿಸ್ಟನ್ ಹಾಕಬೇಕು. ಕ್ರ್ಯಾಂಕ್, ಬೇರಿಂಗ್ ಎಲ್ಲ ನೋಡಬೇಕು. ಅದು ಬೇರೆಯೇ ಲೆಕ್ಕ. ಆಯಿಲ್ ಪ್ರೆಷರ್ ಚೆನ್ನಾಗಿದ್ದು, ತಳದಿಂದ ಬಡಿತ ಕೇಳಿಸದ ಇಂಜಿನ್ನಿಗೆ ಆ ಶಿಕ್ಷೆ ಯಾಕೆ, ಅಲ್ವಾ?

ಹೆಡ್ ಮಾತ್ರ ಬಿಚ್ಚಿದೆವು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್‌ನ ಅಂಚು ಇಲಿ ಕಚ್ಚಿದ ಹಪ್ಪಳದ ಹಾಗೆ ಸುಟ್ಟು ಹೋಗಿತ್ತು. ವಾಲ್ವ್‌ಗೆ ಬಿಡಬೇಕಾದ ಸಡಿಲ, ಅಂದರೆ ಕ್ಲಿಯರೆನ್ಸ್, ಬಿಗಿಯಾಗಿ, ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ, ಬಿಸಿ ಗಾಳಿ ಅದೇ ಸಂದಿನಲ್ಲಿ ನುಗ್ಗಿದ್ದರ ಫಲ. ಬಗ್ಗಿ ಟಾರ್ಚ್ ಬಿಟ್ಟು ಸಿಲಿಂಡರ್ ಒಳಗೆ ನೋಡಿದೆ. ಬೋರ್ ಮೇಲೆ ಕಾರ್ಖಾನೆಯಲ್ಲಿ ಹಾಕಿದ, ಸವೆದರೆ ಅಳಿಸಿಹೋಗುವ ಓರೆ ಗೆರೆಗಳು ಇನ್ನೂ ಹಾಗೇ ಕಾಣುತ್ತಿದ್ದವು.