ಡ್ಯೂಟಿ ಡಾಕ್ಟರ್ ಕೆಲಸಕ್ಕೆ ಒಪ್ಪುವ ಮುನ್ನ

ಕೇಳುಗರಿಗೆ ನಮಸ್ಕಾರ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ವೈದ್ಯಕೀಯ ಕಾಲೇಜು ಮಿಮ್ಸ್‌ನಲ್ಲೋ ಇಂಟರ್ನ್‌ಶಿಪ್ ಮುಗಿಸಿ, ಪಿಜಿ (ಸ್ನಾತಕೋತ್ತರ) ಪರೀಕ್ಷೆಗೆ ಓದುತ್ತಲೇ ಡ್ಯೂಟಿ ಡಾಕ್ಟರ್ ಕೆಲಸ, ಅಂದರೆ ಪಾಳಿಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಹುಡುಕುತ್ತಿರುವ ಹೊಸ ವೈದ್ಯರ ಜೊತೆ ಇವತ್ತಿನ ಮಾತು. ಮನೆಯವರೂ ಕೇಳಿಸಿಕೊಳ್ಳಲಿ, 'ಎಲ್ಲಾದರೂ ಬೇಗ ಸೇರಿಕೋಪ್ಪ' ಅಂತ ಅವಸರ ಮಾಡುವವರು ಅವರೇ ತಾನೆ.

ಇಂಟರ್ನ್‌ಶಿಪ್‌ಗೆಂದು ಕರ್ನಾಟಕ ವೈದ್ಯಕೀಯ ಪರಿಷತ್ತು ಕೊಟ್ಟಿದ್ದು ತಾತ್ಕಾಲಿಕ ನೋಂದಣಿ. ಅದು ಆ ಹನ್ನೆರಡು ತಿಂಗಳ ತರಬೇತಿಗೆ ಮಾತ್ರ. ಖಾಯಂ ನೋಂದಣಿ ಆಗುವ ತನಕ ನೀವಾಗಿಯೇ ಔಷಧಿ ಚೀಟಿ ಬರೆಯುವಂತಿಲ್ಲ. 'ನೋಂದಣಿ ನಂಬರ್ ಆಮೇಲೆ ಬರುತ್ತೆ, ನಾಳೆಯಿಂದ ಬನ್ನಿ' ಅನ್ನುವ ಕಡೆ ಹೋಗಲೇಬೇಡಿ. ಓದು ಮುಗಿಸಿದ ವೈದ್ಯರು ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಬೇಕಾದ ಕಡ್ಡಾಯ ಸೇವೆಯ 2012ರ ಕಾಯ್ದೆ ನಿಮ್ಮ ಬ್ಯಾಚಿಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನೂ ಖಾಸಗಿಯವರಿಗೆ ಮಾತು ಕೊಡುವ ಮೊದಲೇ ಕಾಲೇಜಿನ ಕಚೇರಿಯಲ್ಲಿ ಕೇಳಿಕೊಳ್ಳಿ.

ಓದಲು ಸಮಯ ಬೇಕೆನ್ನುವವರಿಗೆ ಸರ್ಕಾರದ 'ನಮ್ಮ ಕ್ಲಿನಿಕ್' ಚೆನ್ನ, ರಾತ್ರಿ ಪಾಳಿ ಇಲ್ಲ. ಇಂಥ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯ ಪ್ರಕಟಣೆ ನೋಡುತ್ತಿರಿ. ನೇರ ಸಂದರ್ಶನಕ್ಕೆ ಹೋಗುವಾಗ ಎಲ್ಲ ವರ್ಷದ ಅಂಕಪಟ್ಟಿ, ಇಂಟರ್ನ್‌ಶಿಪ್ ಪ್ರಮಾಣಪತ್ರ, ನೋಂದಣಿ ಪತ್ರ, ಇವುಗಳ ಮೂಲ ಪ್ರತಿ ಮತ್ತು ಎರಡು ಸೆಟ್ ಜೆರಾಕ್ಸ್ ಕೈಯಲ್ಲಿರಲಿ.

ಖಾಸಗಿ ಆಸ್ಪತ್ರೆಯಾದರೆ ಸಂಬಳಕ್ಕೂ ಮುಂಚೆ ಕೇಳಬೇಕಾದ್ದು ಒಂದಿದೆ: ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಯಾವ ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯರು) ಬರುತ್ತಾರೆ, ಎಷ್ಟು ನಿಮಿಷದಲ್ಲಿ? 'ಫೋನ್‌ನಲ್ಲೇ ಹೇಳ್ತಾರೆ' ಎಂಬ ಉತ್ತರ ಬಂದರೆ, ಐಸಿಯು ನಿಮ್ಮೊಬ್ಬರ ತಲೆ ಮೇಲೆ ಅಂತ ತಿಳಿಯಿರಿ. ಒಮ್ಮೆ ವಾರ್ಡ್ ನೋಡುತ್ತೇನೆ ಎಂದು ಒಳಗೆ ಹೋಗಿ, ತುರ್ತು ಔಷಧಿಯ ಟ್ರಾಲಿ ತೆಗೆಸಿ. ಉಸಿರಾಟದ ಕೊಳವೆ ಹಾಕಲು ಗಂಟಲು ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬ್ ಹೊತ್ತುತ್ತದೆಯೇ? ತುರ್ತಿಗೆ ಬೇಕಾದ ಅಡ್ರಿನಲಿನ್ ಚುಚ್ಚುಮದ್ದಿನ ಆಂಪ್ಯೂಲಿನ ಅವಧಿ ಮುಗಿದಿದೆಯೇ? ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಚಾರ್ಜ್ ಆಗಿದೆಯೇ, ಇಲ್ಲ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದೆಯೇ? ಐದು ನಿಮಿಷದ ಈ ತಪಾಸಣೆ, ಆಡಳಿತದವರು ಅರ್ಧ ಗಂಟೆ ಆಡುವ ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ಮಂಡ್ಯ ಕಡೆ ಹೆದ್ದಾರಿ ಬದಿಯ ಆಸ್ಪತ್ರೆಯಾದರೆ ಅಪಘಾತದ ಕೇಸು ತಪ್ಪಿದ್ದಲ್ಲ. ಎಂಎಲ್‌ಸಿ, ಅಂದರೆ ಪೊಲೀಸ್-ಕೋರ್ಟಿಗೆ ಸಂಬಂಧಿಸಿದ ಕೇಸುಗಳ ರಿಜಿಸ್ಟರ್ ಇದೆಯೇ, ಪೊಲೀಸರಿಗೆ ಮಾಹಿತಿ ಕಳಿಸುವವರು ಯಾರು ಎಂದು ವಿಚಾರಿಸಿ. ಮೊದಲು ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಂದ ಸಮಯ, ಕರೆತಂದವರ ಹೆಸರು, ಪ್ರತಿ ಗಾಯದ ಜಾಗ ಮತ್ತು ಅಳತೆ ಅಂದೇ ಬರೆದಿಡಬೇಕು. 'ಹೊಲಿಗೆ ಹಾಕಿ ಕಳಿಸಿಬಿಡಿ ಡಾಕ್ಟ್ರೇ' ಎಂದವರ ಹೆಸರು ಕಡತದಲ್ಲಿ ಇರುವುದಿಲ್ಲ, ಸಮನ್ಸ್ ಬರುವುದು ಸಹಿ ಹಾಕಿದವರಿಗೆ.

ಇನ್ನು ದುಡ್ಡು. ಎಷ್ಟೋ ಕಡೆ ಕೊಡುವುದು ಸಂಬಳವಲ್ಲ, ವೃತ್ತಿ ಶುಲ್ಕ. ಹತ್ತು ಪರ್ಸೆಂಟ್ ಟಿಡಿಎಸ್ (ಮೊದಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ, ಪಿಎಫ್ ಇರುವುದಿಲ್ಲ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯೇ ನೋಡಿ, ರಿಟರ್ನ್ ಸಲ್ಲಿಸಿ. ಹೆಚ್ಚು ಕಟ್ಟಿದ್ದರೆ ವಾಪಸ್ ಬರುವುದು ಆಗಲೇ.

ಮೂಲ ಪ್ರಮಾಣಪತ್ರ ಇಟ್ಟುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ, ತೋರಿಸಿ ವಾಪಸ್ ತನ್ನಿ. ಪಿಜಿ ಸೀಟು ಸಿಕ್ಕಾಗ ಅವೇ ಬೇಕಾಗುತ್ತವೆ. ಅದೇ ಕಾರಣಕ್ಕೆ ಬಿಡುವ ಮುನ್ನ ಎಷ್ಟು ದಿನದ ನೋಟಿಸ್ ಎಂಬುದನ್ನೂ ನೇಮಕ ಪತ್ರದಲ್ಲಿ ಬರೆಸಿ. ಚಿಕಿತ್ಸೆಯ ವಿಷಯದಲ್ಲಿ ಯಾರಾದರೂ ಪರಿಹಾರ ಕೇಳಿ ಕೇಸು ಹಾಕಿದರೆ ನೆರವಾಗುವ ವೃತ್ತಿ ಹೊಣೆಗಾರಿಕೆ ವಿಮೆ ಆಸ್ಪತ್ರೆಯದೇ ಇದೆ ಎಂದರೆ ಪಾಲಿಸಿಯ ಪ್ರತಿ ಕೇಳಿ. ಡ್ಯೂಟಿ ಡಾಕ್ಟರು ಅದರಲ್ಲಿ ಸೇರಿಲ್ಲದಿದ್ದರೆ ನಿಮ್ಮದೇ ಒಂದು ಮಾಡಿಸಿ, ಮೊದಲ ರಾತ್ರಿ ಪಾಳಿಗೆ ಮುಂಚೆಯೇ. ನಮಸ್ಕಾರ.