ರೋಲರ್ ಶಾಫ್ಟಿನ ಬಿರುಕು ಹುಡುಕುವ ಸದ್ದು

ಕೇಳುಗರಿಗೆ ನಮಸ್ಕಾರ.

ಮುಧೋಳ, ಜಮಖಂಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಮಿಲ್ ಬಿಚ್ಚಿ ರಿಪೇರಿಗೆ ಇಳಿಯುತ್ತಾರೆ. ಆಗ ಬಿಡದೆ ನೋಡಬೇಕಾದದ್ದು ರೋಲರಿನ ಉಕ್ಕಿನ ಶಾಫ್ಟು. ಅದರ ಮೇಲೆ ಬೀಡುಕಬ್ಬಿಣದ ಶೆಲ್ ಬಿಗಿಯಾಗಿ ಕೂತಿರುತ್ತದೆ. ಶೆಲ್ಲಿನ ಅಂಚಿನ ಅಡಿಯಲ್ಲಿ ಬಿರುಕು ಹುಟ್ಟಿದರೆ ಕಣ್ಣಿಗೆ ಕಾಣದು. ತಿರುಗುತ್ತ ತಿರುಗುತ್ತ ಬಾಗುವ ಒತ್ತಡ ಹೆಚ್ಚು ಬೀಳುವುದು ಅಲ್ಲೇ, ಹುಳಿಯಾದ ಕಬ್ಬಿನ ರಸ ಜಿನುಗಿ ತುಕ್ಕು ಹಿಡಿಸುವುದೂ ಅಲ್ಲೇ. ಹಂಗಾಮಿನ ನಡುವೆ ಶಾಫ್ಟು ಮುರಿದರೆ ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು ಎಷ್ಟುದ್ದ ಬೆಳೆಯುತ್ತದೆಂದು ನಿಮಗೇ ಗೊತ್ತು.

ಅದಕ್ಕೇ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಸದ್ದು, ಹಾಯಿಸಿ ಬಿರುಕಿನಿಂದ ಮರಳುವ ಪ್ರತಿಧ್ವನಿ ಹುಡುಕುತ್ತಾರೆ. ಆದರೆ ಶೆಲ್ ಮೇಲಿಂದ ಹಾಯಿಸಿ ಉಪಯೋಗವಿಲ್ಲ. ಬೀಡಿನೊಳಗಿನ ಗ್ರಾಫೈಟ್ ಪದರಗಳು ಸದ್ದನ್ನು ಚದುರಿಸಿಬಿಡುತ್ತವೆ. ಶಾಫ್ಟಿನ ತುದಿಯ ಮುಖದಿಂದಲೇ ನೋಡಬೇಕು. ಸಾಮಾನ್ಯವಾಗಿ 2 ಮೆಗಾಹರ್ಟ್ಸ್‌ನ, 24 ಮಿ.ಮೀ. ವ್ಯಾಸದ, ಸದ್ದು ಕಳಿಸಿ ಮರಳಿದ್ದನ್ನು ಹಿಡಿಯುವ ನೇರ ಪ್ರೋಬ್ ಸಾಕು. ಉಕ್ಕಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 5,900 ಮೀಟರ್. 3 ಮೀಟರ್ ಉದ್ದದ ಶಾಫ್ಟಿನ ಆ ತುದಿಗೆ ಹೋಗಿ ಮರಳಲು ಹೆಚ್ಚುಕಡಿಮೆ 1 ಮಿಲಿಸೆಕೆಂಡ್.

ಮೊದಲು ಮುಖದ ಬಣ್ಣ, ತುಕ್ಕು ಕೆರೆದು ಗ್ರೈಂಡರಿನಿಂದ ನುಣುಪು ಮಾಡಿ, ಗ್ರೀಸ್ ಹಚ್ಚಿ. ನಡುವೆ ತೆಳ್ಳನೆಯ ಗಾಳಿಪದರ ಉಳಿದರೂ ಸದ್ದು ಒಳಗೆ ಹೋಗದೆ ವಾಪಸಾಗುತ್ತದೆ. ಮರಳಿದ ಸದ್ದು ಯಂತ್ರದ ಪರದೆಯ ಮೇಲೆ ಗೆರೆಯಾಗಿ ಏಳುತ್ತದೆ. ಆ ತುದಿಯ ಪ್ರತಿಧ್ವನಿ ಪರದೆಯ ಶೇ. 80ರಷ್ಟು ಎತ್ತರ ಬರುವಂತೆ ಗೇನ್, ಅಂದರೆ ಮರಳಿದ ಸದ್ದನ್ನು ಹಿಗ್ಗಿಸುವ ಪ್ರಮಾಣ, ಹೊಂದಿಸಿ. ಮುಖದ ನಡುವೆ ಲೇತಿನ ಸೆಂಟರ್ ತೂತು ಇರುವುದರಿಂದ ಪ್ರೋಬನ್ನು ಅದರ ಸುತ್ತ ಸರಿಸುತ್ತ ಹೋಗಬೇಕು. ಆ ತುದಿಯಿಂದ ಬರುವ ಕಡೆಯ ಪ್ರತಿಧ್ವನಿಯೇ ಕುಸಿದರೆ ಮೊದಲು ಗ್ರೀಸ್ ನೋಡಿ. ಗ್ರೀಸ್ ಸರಿಯಿದ್ದೂ ಕುಸಿದಿದ್ದರೆ, ನಡುವೆ ಬೇರೆ ಗೆರೆ ಏಳದಿದ್ದರೂ ಸಂಶಯಪಡಿ: ಓರೆಯಾದ ಬಿರುಕು ಸದ್ದನ್ನು ಬೇರೆ ಕಡೆಗೆ ತಿರುಗಿಸಿರಬಹುದು.

ಕಷ್ಟವಿರುವುದು ಗೆರೆಗಳ ಅರ್ಥ ಹಿಡಿಯುವುದರಲ್ಲಿ. ಕಡೆಯ ಪ್ರತಿಧ್ವನಿಯ ನಂತರ ಬರುವ ಸಣ್ಣ ಗೆರೆಗಳು ಪಕ್ಕದ ಗೋಡೆಗೆ ತಾಗಿ ರೂಪ ಬದಲಿಸಿ ತಡವಾಗಿ ಬಂದ ಸದ್ದು, ಅವನ್ನು ಬಿಟ್ಟುಬಿಡಿ. ಅದಕ್ಕಿಂತ ಮುಂಚೆ ಬಂದವನ್ನು ಡ್ರಾಯಿಂಗಿನ ಅಳತೆಗೆ ತಾಳೆ ಹಾಕಿ. ವ್ಯಾಸ ಬದಲಾಗುವ ಮೆಟ್ಟಿಲಿನ ಗೆರೆ ಸುತ್ತಲೂ ಒಂದೇ ದೂರದಲ್ಲಿ, ಒಂದೇ ಎತ್ತರದಲ್ಲಿ ಬರುತ್ತದೆ. ಬಿರುಕು ಸಾಮಾನ್ಯವಾಗಿ ಒಂದು ಭಾಗದಲ್ಲಷ್ಟೇ ಏಳುತ್ತದೆ. ಆದರೆ ಸುತ್ತಲೂ ಹಬ್ಬಿದ ಬಿರುಕು ಮೆಟ್ಟಿಲಿನಂತೆಯೇ ಕಂಡು ಮೋಸ ಮಾಡುತ್ತದೆ. ಅನುಮಾನ ಬಂದರೆ ಬೇರಿಂಗಿನಲ್ಲಿ ಕೂರುವ ಜರ್ನಲ್ ಭಾಗದ ಮೇಲಿಂದ 45 ಡಿಗ್ರಿಯ ಓರೆ ಪ್ರೋಬ್ ಹಿಡಿದು ಅದೇ ಜಾಗವನ್ನು ಮತ್ತೊಮ್ಮೆ ನೋಡಿ.

ಈಗಿನ ಫೇಸ್ಡ್ ಅರೇ ಯಂತ್ರಗಳು ಕಿರಣವನ್ನು ಬೀಸಣಿಗೆಯಂತೆ ಹರಡಿ ಒಳಗಿನ ಚಿತ್ರವನ್ನೇ ತೋರಿಸುತ್ತವೆ. ಅನುಕೂಲವೇನೋ ಹೌದು, ಆದರೆ ಗ್ರೀಸ್, ಡ್ರಾಯಿಂಗ್ ಅವಕ್ಕೂ ಬೇಕು.

ಶಾಫ್ಟಿನ ತುದಿಗೆ ಪಂಚ್ ಹೊಡೆದು ಸೊನ್ನೆ ಡಿಗ್ರಿ ಗುರುತಿಸಿಕೊಳ್ಳಿ. ಯಾವ ಪ್ರೋಬ್, ಎಷ್ಟು ಗೇನ್, ಯಾವ ಕೋನದಲ್ಲಿ ಎಷ್ಟು ದೂರಕ್ಕೆ ಗೆರೆ ಎದ್ದಿತು ಎಂಬುದನ್ನು ಬರೆದಿಡಿ. ಮುಂದಿನ ವರ್ಷ ಅದೇ ಗೇನ್‌ನಲ್ಲಿ ಅದೇ ಗೆರೆ ಬೆಳೆದಿದ್ದರೆ ಆ ಶಾಫ್ಟನ್ನು ಮತ್ತೆ ಮಿಲ್ಲಿಗೆ ಏರಿಸಬೇಡಿ. ನಮಸ್ಕಾರ.