ದಿವಾನ್ ಕೆಳಗಿನ ಮಂದ್ರ: ತೆಳುವಾದ ಸಬ್‌ವೂಫರ್ ಒಂದನ್ನು ಕಟ್ಟಿದ ಬಗೆ

ನಮಸ್ಕಾರ. ನೀವು ಈಗ ನೋಡುತ್ತಿರುವುದು ಮೈಸೂರಿನ ನಮ್ಮ ಮನೆಯ ಹಾಲ್‌ನಲ್ಲಿರುವ, ತಾತನ ಕಾಲದ ತೇಗದ ದಿವಾನ್. ರೆಡ್ ಆಕ್ಸೈಡ್ ನೆಲದಿಂದ ಅದರ ಅಡಿಹಲಗೆಯವರೆಗಿನ ಎತ್ತರ 203 ಮಿಲಿಮೀಟರ್, ಎಂದರೆ ಎಂಟು ಅಂಗುಲ. ಇಷ್ಟು ವರ್ಷ ಆ ಸಂದಿಯಲ್ಲಿ ಸುತ್ತಿಟ್ಟ ಚಾಪೆಯೂ ಹಳೆಯ ಪತ್ರಿಕೆಗಳ ಕಟ್ಟುಗಳೂ ಇದ್ದವು. ಈಗ ಅಲ್ಲಿ ನಾನು ಎರಡು ತಿಂಗಳ ಭಾನುವಾರಗಳಲ್ಲಿ ಕಟ್ಟಿದ ಒಂದು ಚಪ್ಪಟೆ ಪೆಟ್ಟಿಗೆ ಇದೆ: ಸಬ್‌ವೂಫರ್, ಎಂದರೆ ಮಂದ್ರ ಶಬ್ದಗಳನ್ನಷ್ಟೇ ನುಡಿಸುವ ಸ್ಪೀಕರ್. ಅದು ಏಕೆ ಬೇಕಾಯಿತು, ಹೇಗೆ ಆಯಿತು ಎಂಬುದನ್ನು ಈ ವಿಡಿಯೊದಲ್ಲಿ ಹೇಳುತ್ತೇನೆ.

ಅಪ್ಪ ಯೌವನದಲ್ಲಿ ಮೃದಂಗ ಕಲಿತವರು. ಬೆರಳುಗಳ ಕೀಲುನೋವಿನಿಂದ ನುಡಿಸುವುದು ನಿಂತು ಬಹಳ ಕಾಲವಾಗಿದೆ. ಆದರೆ ಸಂಜೆ ಕಛೇರಿಯ ಧ್ವನಿಮುದ್ರಣಗಳನ್ನು ಕೇಳುವ ರೂಢಿ ಮಾತ್ರ ತಪ್ಪಿಲ್ಲ. ನಮ್ಮ ಷೋಕೇಸಿನ ಮೇಲಿರುವ ಐದು ಅಂಗುಲದ ಸಣ್ಣ ಸ್ಪೀಕರ್‌ಗಳಲ್ಲಿ ಗಾಯನ ಚೆನ್ನಾಗಿಯೇ ಕೇಳುತ್ತದೆ, ಮೃದಂಗದ ಬಲಮುಖದ ಚಾಪು ಕೂಡ ಸ್ಪಷ್ಟವಾಗಿಯೇ ಬರುತ್ತದೆ. ಆದರೆ ಎಡಮುಖದ, ಎಂದರೆ ತೊಪ್ಪಿಯ, ಗುಮ್ಕಿ ಎಂಬ ಆಳವಾದ ಜಾರುನಾದ ಬಂದಾಗ ಪೆಟ್ಟು ಕೇಳಿಸುವುದೇ ಹೊರತು ಅದರ ತೂಕ ಕೋಣೆಗೆ ಇಳಿಯುವುದಿಲ್ಲ. ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ) ಶ್ರುತಿಯಲ್ಲಿ ಹಾಡುವ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯ ಮೂಲ ಆವರ್ತನ ಸುಮಾರು 65 ಹರ್ಟ್ಸ್. ನಮ್ಮ ಸ್ಪೀಕರ್‌ಗಳು ಅಷ್ಟು ಕೆಳಗಿಳಿಯುವ ಮೊದಲೇ ಸೋತುಬಿಡುತ್ತಿದ್ದವು. ಅದು ಅವುಗಳ ದೋಷವಲ್ಲ. ಆವರ್ತನ ಅರ್ಧಕ್ಕೆ ಇಳಿದಾಗ ಶಬ್ದದ ಮಟ್ಟ ಮೊದಲಿನಷ್ಟೇ ಇರಬೇಕಾದರೆ ಸ್ಪೀಕರ್‌ನ ಕಂಪಿಸುವ ಭಾಗವಾದ ಕೋನ್ ನಾಲ್ಕು ಪಟ್ಟು ಹೆಚ್ಚು ಗಾಳಿಯನ್ನು ತಳ್ಳಬೇಕು, ಮತ್ತು ಅಂಗೈಯಗಲದ ಕೋನ್‌ಗೆ ಆ ಶಕ್ತಿ ಇರುವುದಿಲ್ಲ.

ಸಬ್‌ವೂಫರ್ ಬೇಕು ಎಂದಾಗ ಅಮ್ಮ ಎರಡು ಷರತ್ತು ಹಾಕಿದರು. ಹಾಲ್‌ನಲ್ಲಿ ಹೊಸದಾಗಿ ಏನೂ ಕಣ್ಣಿಗೆ ಬೀಳಬಾರದು. ಇಡುವ ವಸ್ತು ದಿನಾ ಕಸ ಗುಡಿಸಲು ಅಡ್ಡಿಯಾಗಬಾರದು. ಎರಡೂ ನ್ಯಾಯವಾದ ಮಾತುಗಳು. ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲದ್ದು. ಅಂಗಡಿಯಲ್ಲಿ ಸಿಗುವ ಚೌಕ ಪೆಟ್ಟಿಗೆಯೊಂದನ್ನು ಅಲ್ಲಿ ಇಟ್ಟರೆ ಓಡಾಡುವವರ ಕಾಲಿಗೇ ತಗಲುತ್ತದೆ.

ಪೆಟ್ಟಿಗೆಯನ್ನು ಮಂಚದ ಕೆಳಗೆ ಅಡಗಿಸಿಟ್ಟರೆ ಸಂಗೀತ ಅಲ್ಲಿಂದಲೇ ಬಂದಂತೆ ಕೇಳುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಆದ್ದರಿಂದ 80 ಹರ್ಟ್ಸ್‌ನ ಒಂದು ಅಲೆಯ ಉದ್ದ 4.3 ಮೀಟರ್, 40 ಹರ್ಟ್ಸ್‌ನದು 8.6 ಮೀಟರ್. ಒಂದು ಗೇಣಿನಷ್ಟೂ ಅಂತರವಿಲ್ಲದ ನಮ್ಮ ಎರಡು ಕಿವಿಗಳಿಗೆ, ಕೋಣೆಗಿಂತಲೂ ಉದ್ದವಾದ ಇಂತಹ ಅಲೆ ಯಾವ ಕಡೆಯಿಂದ ಬಂತೆಂಬುದನ್ನು ಗುರುತಿಸುವುದು ಬಹಳ ಕಷ್ಟ. ಗಾಯಕರ ಕಂಠ ಎದುರಿನ ಸ್ಪೀಕರ್‌ಗಳಿಂದ ಬಂದರೆ, ಮಂದ್ರವೂ ಅಲ್ಲಿಂದಲೇ ಬಂತೆಂದು ಮನಸ್ಸು ಒಪ್ಪಿಕೊಳ್ಳುತ್ತದೆ. ಗುಟ್ಟು ಬಯಲಾಗುವುದು ಪೆಟ್ಟಿಗೆ ಗಿರಗುಟ್ಟಿದಾಗ ಅಥವಾ ಅದಕ್ಕೆ ಮೇಲಿನ ಆವರ್ತನಗಳು ಸೋರಿಕೊಂಡಾಗ ಮಾತ್ರ. ಈ ಕಾರಣದಿಂದ 80 ಹರ್ಟ್ಸ್‌ಗಿಂತ ಮೇಲಿನದನ್ನು ಈ ಪೆಟ್ಟಿಗೆಗೆ ಕೊಡಬಾರದೆಂದು ಆರಂಭದಲ್ಲೇ ನಿರ್ಧರಿಸಿದೆ.

ಮುಂದಿನ ಪ್ರಶ್ನೆ, ಪೆಟ್ಟಿಗೆ ಪೂರ್ತಿ ಮುಚ್ಚಿದ್ದೋ ಅಥವಾ ಗಾಳಿಯ ಕೊಳವೆ ಇರುವುದೋ ಎಂಬುದು. ಕೊಳವೆ ಇದ್ದರೆ ಇನ್ನಷ್ಟು ಕೆಳಗಿನ ಸ್ವರಗಳು ಗಟ್ಟಿಯಾಗಿ ಬರುತ್ತವೆ; ಆದರೆ ಅದಕ್ಕೆ ದೊಡ್ಡ ಪೆಟ್ಟಿಗೆ ಬೇಕು, ಉದ್ದದ ಕೊಳವೆ ಬೇಕು. ಚಪ್ಪಟೆಯಾದ ಸ್ಥಳದಲ್ಲಿ ಎರಡಕ್ಕೂ ಎಡೆಯಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಕೋನ್‌ಗೆ ಸ್ಪ್ರಿಂಗ್ ಆಗುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎಆರ್-1 ಸ್ಪೀಕರ್‌ನಲ್ಲಿ ಇದನ್ನೇ ಬಳಸಿ, ಸಣ್ಣ ಪೆಟ್ಟಿಗೆಯಿಂದಲೂ ಒಳ್ಳೆಯ ಮಂದ್ರ ಪಡೆಯಬಹುದೆಂದು ತೋರಿಸಿದರು. ಅಂತಹ ಪೆಟ್ಟಿಗೆಯನ್ನು ಊಹೆಯ ಮೇಲೆ ಕಟ್ಟದೆ ಲೆಕ್ಕ ಹಾಕಿ ಕಟ್ಟುವ ದಾರಿಯನ್ನು ಮುಂದೆ ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಮಾಡಿಕೊಟ್ಟರು. ಇಂದು ಡ್ರೈವರ್, ಎಂದರೆ ಕೋನ್ ಮತ್ತು ಆಯಸ್ಕಾಂತ ಕೂಡಿದ ಬಿಡಿ ಸ್ಪೀಕರ್, ಕೊಳ್ಳುವಾಗ ಅದರ ಜೊತೆಗಿನ ಕಾಗದದಲ್ಲಿ ಕಾಣುವ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಅಂಕಿಗಳಿಗೆ ಅವರಿಬ್ಬರ ಹೆಸರೇ ಇದೆ. ಕ್ಯೂಟಿಎಸ್ ಎಂದರೆ ಕೋನ್‌ನ ಕಂಪನ ಎಷ್ಟು ಬೇಗ ಅಡಗುತ್ತದೆ ಎಂಬುದರ ಅಳತೆ; ವಿಎಎಸ್ ಎಂದರೆ ಕೋನ್ ಅನ್ನು ಹಿಡಿದಿರುವ ಅಂಚುಗಳಷ್ಟೇ ಸ್ಪ್ರಿಂಗ್ ಗುಣವಿರುವ ಗಾಳಿಯ ಗಾತ್ರ.

ಎಫ್‌ಎಸ್ ಎಂದರೆ ಡ್ರೈವರ್ ತಾನಾಗಿ ಕಂಪಿಸುವ ಸಹಜ ಆವರ್ತನ. ಇದನ್ನು ಅಪ್ಪನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಕಛೇರಿಗೆ ಮೊದಲು ತೊಪ್ಪಿಗೆ ನೆನೆಸಿದ ರವೆಯ ಮುದ್ದೆ ಮೆತ್ತುವುದು ಅವರಿಗೆ ಕರಗತವಾಗಿದ್ದ ಕೆಲಸ: ಚರ್ಮದ ಮೇಲೆ ತೂಕ ಏರಿದಂತೆ ಸ್ವರ ಇಳಿಯುತ್ತದೆ. ಸಬ್‌ವೂಫರ್‌ನ ಕೋನ್ ದಪ್ಪನಾಗಿ ಭಾರವಾಗಿ ಇರುವುದರ ಹಿಂದೆಯೂ ಇದೇ ನಿಯಮವಿದೆ. ಮೃದಂಗದ ಬಲಮುಖದ ನಡುವಿನ ಕಪ್ಪು ಲೇಪನವಾದ ಕರಣೆಯ ತೂಕ ಅದರ ಸ್ವರಗಳನ್ನು ಹೇಗೆ ಶ್ರುತಿಬದ್ಧವಾಗಿ ಜೋಡಿಸುತ್ತದೆ ಎಂಬುದನ್ನು ಸಿ. ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಕುರಿತ ಪ್ರಬಂಧದಲ್ಲಿ ವಿವರಿಸಿದ್ದಾರೆ. ಸ್ಪೀಕರ್ ಕಟ್ಟುವ ಆಸೆಯಿರುವವರು ಮೊದಲು ಒಂದು ಮೃದಂಗವನ್ನು ಹತ್ತಿರದಿಂದ ನೋಡಬೇಕೆಂದು ನಾನು ನಿಜವಾಗಿಯೂ ನಂಬುತ್ತೇನೆ.

ಡ್ರೈವರ್‌ಗಾಗಿ ಬೆಂಗಳೂರಿನ ಎಸ್. ಪಿ. ರಸ್ತೆಗೆ ಹೋಗಿ ಬಂದೆ. ಕಾರಿನ ಸೀಟಿನ ಹಿಂದೆ ಕೂರಿಸಲೆಂದು ಮಾಡುವ, ಆಳ ಕಡಿಮೆ ಇರುವ ಹತ್ತು ಅಂಗುಲದ ಡ್ರೈವರ್ ಅದು. ಅಂಚಿನಿಂದ ಆಯಸ್ಕಾಂತದ ಬೆನ್ನಿನವರೆಗೆ 80 ಮಿಲಿಮೀಟರ್. ಅದರ ಎಫ್‌ಎಸ್ 34 ಹರ್ಟ್ಸ್, ಕ್ಯೂಟಿಎಸ್ 0.5, ವಿಎಎಸ್ 24 ಲೀಟರ್. ಈ ಮೂರು ಅಂಕಿಗಳಿದ್ದರೆ ಉಳಿದ ಲೆಕ್ಕ ಒಂದೇ ಸೂತ್ರದ್ದು. ವಿಎಎಸ್ ಅನ್ನು ಪೆಟ್ಟಿಗೆಯ ಒಳಗಾತ್ರದಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆದು, ಬಂದ ಸಂಖ್ಯೆಯಿಂದ ಎಫ್‌ಎಸ್ ಮತ್ತು ಕ್ಯೂಟಿಎಸ್ ಎರಡನ್ನೂ ಗುಣಿಸಬೇಕು. 22 ಲೀಟರ್ ಪೆಟ್ಟಿಗೆಗೆ ಆ ಸಂಖ್ಯೆ ಸುಮಾರು 1.45. ಎಂದರೆ ಪೆಟ್ಟಿಗೆಯೊಳಗೆ ಕೂತ ಡ್ರೈವರ್‌ನ ಆವರ್ತನ 49 ಹರ್ಟ್ಸ್‌ಗೆ ಏರುತ್ತದೆ, ಕ್ಯೂ ಅಂಕಿ 0.72ಕ್ಕೆ ಬಂದು ನಿಲ್ಲುತ್ತದೆ. ಮಂದ್ರ ಉಬ್ಬದೆ, ಕುಗ್ಗದೆ, ಸಮನಾಗಿ ಬರಲು 0.707 ಬೇಕೆಂಬುದು ಎಲ್ಲರೂ ಒಪ್ಪುವ ಮಾತು. ನನಗೆ ಅಷ್ಟು ಸಮೀಪ ಸಾಕಾಯಿತು. ಇನ್ನೂ ತೆಳುವಾಗಿಸುವ ಆಸೆಯಿಂದ ಒಳಗಾತ್ರವನ್ನು 12 ಲೀಟರ್‌ಗೆ ಇಳಿಸಿದ್ದರೆ ಕ್ಯೂ 0.87 ಆಗಿ, ತೊಪ್ಪಿಯ ನಾದ ಎಳೆದಂತೆ ಕೇಳುತ್ತಿತ್ತು. ಎತ್ತರದಲ್ಲಿ ಬಿಟ್ಟುಕೊಟ್ಟದ್ದನ್ನು ಉದ್ದ ಅಗಲಗಳಲ್ಲಿ ಪಡೆದುಕೊಳ್ಳಬೇಕು. ನನ್ನ ಪೆಟ್ಟಿಗೆ 600 ಮಿಲಿಮೀಟರ್ ಉದ್ದ, 456 ಅಗಲ, 140 ಎತ್ತರ.

ಡ್ರೈವರ್‌ನ ಮುಖ ನೆಲದತ್ತ ಇರಲೆಂದು ತೀರ್ಮಾನಿಸಿದೆ. ಕೋನ್ ಬಿಡುವ ಗಾಳಿಗೆ ಕೋನ್‌ನಷ್ಟೇ ವಿಸ್ತಾರದ ದಾರಿ ಬೇಕಾದರೆ, ನೆಲಕ್ಕೂ ಅದಕ್ಕೂ ನಡುವೆ ವ್ಯಾಸದ ಕಾಲು ಭಾಗದಷ್ಟು ಅಂತರ ಇರಬೇಕು. ಇಪ್ಪತ್ತೂವರೆ ಸೆಂಟಿಮೀಟರ್ ವ್ಯಾಸಕ್ಕೆ ಅದು 51 ಮಿಲಿಮೀಟರ್. ನಾನು ಕೊಟ್ಟ ಕಾಲುಗಳ ಎತ್ತರ 52: ನಲವತ್ತು ಮರದ ತುಂಡು, ಹನ್ನೆರಡು ರಬ್ಬರ್. ಕೆಳಮುಖವಾಗಿ ತೂಗುವ ಕೋನ್ ಕ್ರಮೇಣ ಜೋತುಬೀಳುತ್ತದೆ ಎಂಬ ಭಯ ಹಲವರಿಗಿದೆ. ಗುರುತ್ವದಿಂದ ಅದು ಎಷ್ಟು ಇಳಿಯುತ್ತದೆ ಎಂಬುದು ಎಫ್‌ಎಸ್ ಒಂದನ್ನೇ ಅವಲಂಬಿಸಿದೆ. 34 ಹರ್ಟ್ಸ್‌ಗೆ ಅದು ಕಾಲು ಮಿಲಿಮೀಟರ್‌ಗಿಂತಲೂ ಕಡಿಮೆ. ಎಂಟು ಮಿಲಿಮೀಟರ್ ಹೋಗಿ ಬರಬಲ್ಲ ಕೋನ್‌ಗೆ ಅದು ಚಿಂತಿಸುವ ವಿಷಯವಲ್ಲ.

ಈಗ ಮರಗೆಲಸ. 18 ಮಿಲಿಮೀಟರ್ ಎಂದು ಕೊಟ್ಟ ಪ್ಲೈವುಡ್ ಹಲಗೆಯನ್ನು ಮನೆಗೆ ತಂದು ಅಳೆದಾಗ 17 ಮಾತ್ರ ಇತ್ತು. ನಾನು ಅದಾಗಲೇ ಅಂಗಡಿಯಲ್ಲೇ ಎಲ್ಲವನ್ನೂ 18ರ ಲೆಕ್ಕಕ್ಕೆ ಕೊಯ್ಯಿಸಿದ್ದರಿಂದ ಮೇಲಿನ ಹಲಗೆ ಎರಡು ಮಿಲಿಮೀಟರ್ ಹೊರಚಾಚಿತು, ಅದನ್ನು ಉಜ್ಜುಗೊರಡಿನಿಂದ ತೆಗೆಯಲು ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು. ಮೊದಲು ಅಳೆಯಿರಿ, ಆಮೇಲೆ ಕೊಯ್ಯಿಸಿ. ಮೂಲೆಗಳಿಗೆ ಫೆವಿಕಾಲ್ ಮತ್ತು ಸ್ಕ್ರೂ ಎರಡನ್ನೂ ಹಾಕಿದ್ದೇನೆ.

ಚಪ್ಪಟೆ ಪೆಟ್ಟಿಗೆಯ ನಿಜವಾದ ಕಷ್ಟ ಅದರ ಅಗಲವಾದ ಹಲಗೆಗಳಲ್ಲಿದೆ. ಕೋನ್ ಎಂಟು ಮಿಲಿಮೀಟರ್ ಒಳಗೆ ಬಂದಾಗ ಪೆಟ್ಟಿಗೆಯ ಗಾಳಿ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಕುಗ್ಗುತ್ತದೆ. ಕೇಳಲು ಅಲ್ಪ, ಆದರೆ ಅದರಿಂದ ಮೇಲಿನ ಹಲಗೆಯ ಮೇಲೆ ಬೀಳುವ ಬಲ ಸುಮಾರು 35 ಕಿಲೋ ತೂಕಕ್ಕೆ ಸಮ. ಅದು ಸೆಕೆಂಡಿಗೆ ನಲವತ್ತು, ಐವತ್ತು ಸಲ ತಳ್ಳುತ್ತದೆ, ಅಷ್ಟೇ ಸಲ ಎಳೆಯುತ್ತದೆ. ಏನೂ ಆಧಾರ ಕೊಡದಿದ್ದರೆ ಹಲಗೆ ತಾನೇ ಒಂದು ಕೋನ್ ಆಗಿ ಹಾಡತೊಡಗುತ್ತದೆ. ಅದಕ್ಕಾಗಿ ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಆರು ಮರದ ಕಂಬಗಳನ್ನು ಅಂಟಿಸಿದೆ. ಕಂಬಗಳ ಸಾಲು ಸಮಾನ ಅಂತರದಲ್ಲಿಲ್ಲದಿರುವುದು ನಿಮಗೆ ಕಾಣುತ್ತಿರಬಹುದು. ಉದ್ದೇಶಪೂರ್ವಕವಾಗಿಯೇ ಹಾಗೆ ಮಾಡಿದ್ದೇನೆ: ನಡುನಡುವೆ ಉಳಿದ ಭಾಗಗಳೆಲ್ಲ ಒಂದೇ ಅಳತೆಯವಾದರೆ ಒಂದೇ ಸ್ವರಕ್ಕೆ ಎಲ್ಲವೂ ಕೂಡಿ ಕಂಪಿಸುತ್ತವೆ. ಖಾಲಿ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗಿನ ಸದ್ದು ಇದು. ಕಂಬ ನಿಲ್ಲಿಸಿದ ಮೇಲಿನ ಸದ್ದು ಇದು.

ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಹರಡಿ, ಡ್ರೈವರ್‌ನ ಬೆನ್ನಿನ ಗಾಳಿರಂಧ್ರಕ್ಕೆ ಅದು ಹೋಗದಂತೆ ತೆಳು ಬಟ್ಟೆ ಹೊದಿಸಿದೆ. ನಾರು ಇದ್ದರೆ ಪೆಟ್ಟಿಗೆ ತನ್ನ ಗಾತ್ರಕ್ಕಿಂತ ಸ್ವಲ್ಪ ದೊಡ್ಡದೆಂಬಂತೆ ವರ್ತಿಸುತ್ತದೆ.

ಮೊದಲ ಸಲ ಡ್ರೈವರ್ ಬಿಗಿದು 30 ಹರ್ಟ್ಸ್‌ನ ಸ್ವರ ಹಾಕಿದಾಗ ಎಲ್ಲಿಂದಲೋ ಉಸ್ ಉಸ್ ಎಂಬ ಶಬ್ದ ಬಂತು. ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದ ಹುಡುಕಲು ಆಗಲಿಲ್ಲ. ಅಮ್ಮ ದೇವರ ಮನೆಯಿಂದ ಒಂದು ಊದುಬತ್ತಿ ಹಚ್ಚಿ ತಂದುಕೊಟ್ಟರು. ಅದನ್ನು ಪ್ರತಿ ಸಂದಿಯ ಬಳಿ ನಿಧಾನವಾಗಿ ಸರಿಸುತ್ತ ಹೋದಾಗ, ವೈರ್ ಹೊರಬರುವ ತೂತಿನ ಹತ್ತಿರ ಹೊಗೆಯ ಎಳೆ ನಡುಗಿತು. ಅಲ್ಲಿ ಸಿಲಿಕೋನ್ ತುಂಬಿ ಒಂದು ರಾತ್ರಿ ಒಣಗಲು ಬಿಟ್ಟೆ. ಈಗ ಕೋನ್ ಅನ್ನು ಮೆಲ್ಲನೆ ಒತ್ತಿ ಬಿಟ್ಟರೆ ಅದು ಅವಸರವಿಲ್ಲದೆ ಮರಳುತ್ತದೆ. ಪೆಟ್ಟಿಗೆ ಬಿಗಿಯಾಗಿರುವುದಕ್ಕೆ ಅದೇ ಗುರುತು.

ಆಂಪ್ಲಿಫೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಪಿಎ 3116 ಚಿಪ್ ಇರುವ ಕ್ಲಾಸ್ ಡಿ ಬೋರ್ಡ್, 24 ವೋಲ್ಟ್‌ನ ವಿದ್ಯುತ್ ಪೂರೈಕೆ, ಮುಂದೆ 80 ಹರ್ಟ್ಸ್‌ಗೆ ಹೊಂದಿಸಿದ, ಅದಕ್ಕಿಂತ ಮೇಲಿನದನ್ನು ತಡೆಯುವ ಲೋ-ಪಾಸ್ ಫಿಲ್ಟರ್. ನಾಲ್ಕು ಓಮ್‌ನ ಡ್ರೈವರ್‌ಗೆ ಸುಮಾರು 60 ವ್ಯಾಟ್ ಸಿಗುತ್ತದೆ, ನಮ್ಮ ಹಾಲ್‌ಗೆ ಅದು ಧಾರಾಳ. ಇವೆಲ್ಲವನ್ನೂ ಪೆಟ್ಟಿಗೆಯೊಳಗೆ ಇಡದೆ, ನೆಲ ಒರೆಸುವ ನೀರು ತಾಗದಂತೆ, ಗೋಡೆಯ ಕಡೆಯ ದಿವಾನ್ ಕಾಲಿಗೆ ಎತ್ತರದಲ್ಲಿ ಬಿಗಿದ ಗಾಳಿಯಾಡುವ ಡಬ್ಬಿಯೊಳಗೆ ಇಟ್ಟಿದ್ದೇನೆ. ಪೆಟ್ಟಿಗೆಯ ಪ್ಲೈವುಡ್ ಅಂಚುಗಳಿಗೂ ಮೂರು ಸಲ ವಾರ್ನಿಶ್ ಬಳಿದಿದ್ದೇನೆ. ನೀರು ಹೀರುವುದು ಯಾವಾಗಲೂ ಅಂಚಿನಿಂದಲೇ.

ಆನಂತರ ಬಂದದ್ದು ಜಾಗದ ಪ್ರಶ್ನೆ, ಮತ್ತು ನನಗೆ ಅತ್ಯಂತ ಹೆಚ್ಚು ಕಲಿಸಿದ್ದು ಅದೇ. ದಿವಾನ್ ಇರುವುದು 14 ಅಡಿಯ ಗೋಡೆಗೆ ಒತ್ತಿ, ಅದರ ಒಂದು ತುದಿ ಕೋಣೆಯ ಮೂಲೆಯಲ್ಲಿದೆ. ಮೂಲೆಯಲ್ಲಿಟ್ಟರೆ ಮಂದ್ರ ಜೋರಾಗುತ್ತದೆ ಎಂದು ಓದಿದ್ದರಿಂದ ಮೊದಲು ಅಲ್ಲೇ ಇಟ್ಟೆ. ಜೋರು ಬಂತು, ಸಂಗೀತ ಬರಲಿಲ್ಲ. 14 ಅಡಿ ಉದ್ದದ ಕೋಣೆ 40 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಮೂಲೆಯಲ್ಲಿಟ್ಟ ಪೆಟ್ಟಿಗೆ ಆ ಅನುರಣನವನ್ನು ಪೂರ್ತಿಯಾಗಿ ಎಬ್ಬಿಸುತ್ತದೆ. ಅಪ್ಪ ಕೂರುವ ಕುರ್ಚಿಯ ಬಳಿ ಮೈಕ್ ಇಟ್ಟು ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಅಳೆದಾಗ 40ರ ಸುತ್ತ ಒಂಬತ್ತು ಡೆಸಿಬೆಲ್‌ನ ಗುಡ್ಡ ಕಾಣಿಸಿತು. ಗೋಡೆಯ ನಟ್ಟನಡುವೆ ಈ ಅನುರಣನದ ಒತ್ತಡ ಶೂನ್ಯ. ಆರು ಅಡಿಯ ದಿವಾನ್ ಅಲ್ಲಿಯವರೆಗೆ ಚಾಚಿಕೊಂಡಿಲ್ಲವಾದರೂ, ಪೆಟ್ಟಿಗೆಯನ್ನು ಅದರ ಆಚೆಯ ತುದಿಗೆ, ಎಂದರೆ ಮೂಲೆಯಿಂದ ಐದು ಅಡಿ ದೂರಕ್ಕೆ, ಸರಿಸಿದಾಗ ಗುಡ್ಡ ಏಳು ಡೆಸಿಬೆಲ್‌ನಷ್ಟು ಕರಗಿತು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಒಟ್ಟು ಮಟ್ಟ ಸ್ವಲ್ಪ ತಗ್ಗಿದ್ದರಿಂದ ವಾಲ್ಯೂಮ್ ಏರಿಸಬೇಕಾಯಿತು, ಅಷ್ಟೇ. ಕೊನೆಗೆ ಡ್ರೈವರ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿ, 80 ಹರ್ಟ್ಸ್‌ನ ಸ್ವರ ಯಾವ ಜೋಡಣೆಯಲ್ಲಿ ತುಂಬಿ ಕೇಳುತ್ತದೋ ಅದನ್ನು ಉಳಿಸಿಕೊಂಡೆ.

ಗಿರಗುಟ್ಟುವಿಕೆಯನ್ನು ಹುಡುಕಲು ಇನ್ನೊಂದು ಭಾನುವಾರ ಹೋಯಿತು. ದಿವಾನ್‌ನ ಒಂದು ಅಡಿಹಲಗೆ ಮೊಳೆಯಿಂದ ಸಡಿಲಗೊಂಡಿತ್ತು. ಷೋಕೇಸಿನ ಗಾಜು 52 ಹರ್ಟ್ಸ್‌ಗೆ ಸರಿಯಾಗಿ ನಡುಗುತ್ತಿತ್ತು. ಅದರೊಳಗೆ ಒಂದರ ಮೇಲೊಂದು ಇಟ್ಟಿದ್ದ ಸ್ಟೀಲ್ ತಟ್ಟೆಗಳೂ ದನಿಗೂಡಿಸುತ್ತಿದ್ದವು. ಹಲಗೆಗೆ ಸ್ಕ್ರೂ, ಗಾಜಿನ ಅಂಚಿಗೆ ಉಣ್ಣೆಬಟ್ಟೆಯ ಪಟ್ಟಿ, ತಟ್ಟೆಗಳ ನಡುವೆ ಹಳೆಯ ಪಂಚೆಯ ತುಂಡುಗಳು ಬಂದವು.

ಆ ಸಂಜೆ ಅಪ್ಪ ಕೇಳಿದ್ದು ಅವರಿಗೆ ಬಾಯಿಪಾಠವಾಗಿರುವ ಒಂದು ತನಿ ಆವರ್ತನ, ಎಂದರೆ ಕಛೇರಿಯ ನಡುವಿನ ತಾಳವಾದ್ಯದ ಸ್ವತಂತ್ರ ವಾದನ. ಪೆಟ್ಟಿಗೆ ಚಾಲನೆಯಲ್ಲಿದೆ ಎಂದು ನಾನು ಹೇಳಿರಲಿಲ್ಲ. ಎರಡನೆಯ ಆವರ್ತದಲ್ಲಿ ಗುಮ್ಕಿ ಬಂದಾಗ ಅವರ ಎಡಗೈ ತೊಡೆಯ ಮೇಲೆ ಹೊರಳಿ, ಅಂಗೈಯ ಬುಡ ಒತ್ತಿ ಮುಂದಕ್ಕೆ ಜಾರಿತು. ತೊಪ್ಪಿಯ ಮೇಲೆ ಕೈ ಚಲಿಸುವುದು ಹಾಗೆಯೇ. "ರವೆ ಸ್ವಲ್ಪ ಜಾಸ್ತಿಯಾಗಿದೆ ಕಣೋ," ಎಂದರು. ಮುದ್ರಣದಲ್ಲಿದ್ದ ಮೃದಂಗದ ಬಗ್ಗೆ ಹೇಳಿದರೋ, ನಾನು ಇಟ್ಟ ಮಟ್ಟದ ಬಗ್ಗೆಯೋ ಎಂದು ಕೇಳದೆ, ಎರಡು ಡೆಸಿಬೆಲ್ ಇಳಿಸಿದೆ. ಅವರು ತಲೆಯಾಡಿಸಿದರು.

ಇದು ಇಂದು ಬೆಳಿಗ್ಗೆ ತೆಗೆದ ದೃಶ್ಯ. ಅಮ್ಮ ಪೆಟ್ಟಿಗೆಯನ್ನು ಮುಂಬದಿಯ ಹಿಡಿಕೆಯಿಂದ ಹೊರಗೆಳೆದು, ಕೆಳಗೆಲ್ಲ ಗುಡಿಸಿ, ಒರೆಸಿ, ನೆಲ ಒಣಗಿದ ಮೇಲೆ ಒಳಕ್ಕೆ ತಳ್ಳುತ್ತಿದ್ದಾರೆ. ನೆಲದ ಮೇಲೆ ಅಂಟಿಸಿರುವ ಬಿಳಿಯ ಟೇಪಿನ ಗುರುತು, ಪೆಟ್ಟಿಗೆ ದಿವಾನ್‌ನ ಕಾಲಿಗೆ ತಾಗಿ ಗಿರಗುಟ್ಟದಿರಲೆಂದು ಅವರೇ ಹಾಕಿಕೊಂಡದ್ದು.